ಗಿರಣಿಗಳು ಹೋದುವು, ನೆಲ ಉಳಿಯಿತು

ಮುಂಬಯಿಯ ಪರೇಲ, ಲಾಲ್‌ಬಾಗ್, ವರಳಿ ಮೊದಲಾದ ಪೇಟೆಗಳನ್ನು ಒಟ್ಟುಗೂಡಿಸಿ ಗಿರಣಗಾಂವ್ ಎಂದು ಕರೆಯುವ ರೂಢಿಯು ಮರಾಠಿಗರಲ್ಲಿ ಇಂದಿಗೂ ಉಳಿದಿದೆಯಾದರೂ, ಅಲ್ಲಿ ಗಿರಣಿಯನ್ನು ಹುಡುಕಹೊರಟವನ ಕಣ್ಣಿಗೆ ಬೀಳುವುವು ಬಹುಮಟ್ಟಿಗೆ ಗಾಜಿನ ಗೋಪುರಗಳು ಮಾತ್ರ. 1956ರವರೆಗೆ ಧಾರವಾಡ, ಬೆಳಗಾಂವಿ, ವಿಜಾಪುರ, ಕಾರವಾರ ಪ್ರಾಂತಗಳ ಕನ್ನಡಿಗರಿಗೆ ಮುಂಬಯಿಯೇ ರಾಜಧಾನಿಯಾಗಿದ್ದುದರಿಂದ, ಈ ವೃತ್ತಾಂತವು ನಮಗೆ ಕೇವಲ ಪರಕೀಯವಲ್ಲ.

1854ರಲ್ಲಿ ಕಾವಸ್‌ಜಿ ನಾನಾಭಾಯಿ ದಾವರ್ ಎಂಬ ಪಾರಸಿ ವರ್ತಕನು ತಾಡದೇವದಲ್ಲಿ ಸ್ಥಾಪಿಸಿದ ನೂಲಿನ ಗಿರಣಿಯು ಎರಡು ವರ್ಷಗಳ ತರುವಾಯ ನಡೆಯತೊಡಗಿತು. ಮುಂದೆ ಅಮೆರಿಕೆಯ ಅಂತಃಕಲಹದ ಕಾಲದಲ್ಲಿ ಹತ್ತಿಯ ವ್ಯಾಪಾರದಿಂದ ನಗರಕ್ಕೆ ಹರಿದುಬಂದ ದ್ರವ್ಯದ ಒಂದಂಶವು ಕ್ರಮೇಣ ಯಂತ್ರರೂಪವನ್ನು ತಾಳಲಾಗಿ, ಊರಿನ ಉತ್ತರದ ಗದ್ದೆ ಜೌಗುಗಳಲ್ಲಿ ಹೊಗೆಗೂಡುಗಳು ಒಂದೊಂದಾಗಿ ಎದ್ದುವು. ರತ್ನಾಗಿರಿ ಸಾತಾರೆಗಳಿಂದ ಹೆಂಡಿರು ಮಕ್ಕಳನ್ನು ಊರಲ್ಲಿಯೇ ಬಿಟ್ಟುಬಂದ ಗಂಡಸರು ಚಾಳೆಂಬ ಸಾಲುಕೋಣೆಗಳ ವಠಾರದ ಒಂದೇ ಕೋಣೆಯಲ್ಲಿ ಹಲವರು ಕೂಡಿ ವಾಸಿಸಿ, ರಾತ್ರಿಪಾಳಿಯವನು ಎದ್ದ ಚಾಪೆಯ ಮೇಲೆ ಹಗಲುಪಾಳಿಯವನು ಮಲಗಿ, ಖಾನಾವಳಿ ನಡೆಸುವ ಹೆಂಗಸರ ಕೈಯಡುಗೆಯನ್ನು ತಿಂಗಳ ಲೆಕ್ಕದಲ್ಲಿ ಉಂಡು, ಉಳಿದ ಹಣವನ್ನು ಊರಿಗೆ ಕಳುಹಿಸುತ್ತಿದ್ದರು.

ಬಡವನನ್ನು ಮನೆಯಿಂದ ಎಬ್ಬಿಸುವುದು ನಮ್ಮ ಕಾಲದ ಆವಿಷ್ಕಾರವೇನೂ ಅಲ್ಲ. 1896ರ ಪ್ಲೇಗಿನ ತರುವಾಯ, 1898ರಲ್ಲಿ ಹುಟ್ಟಿದ ನಗರಸುಧಾರಣಾ ಟ್ರಸ್ಟು ಆರೋಗ್ಯದ ಹೆಸರಿನಲ್ಲಿ ಮೊದಲ ಎರಡು ದಶಕಗಳಲ್ಲಿ ಕೆಡವಿದ ಮನೆಗಳ ಸಂಖ್ಯೆಯು ಕಟ್ಟಿದ ಮನೆಗಳ ಸಂಖ್ಯೆಯನ್ನು ಮೀರಿತ್ತು. 1920ರ ದಶಕದಲ್ಲಿ ಸರಕಾರವು ವರಳಿ, ನಾಯಗಾಂವ್ ಮೊದಲಾದೆಡೆಗಳಲ್ಲಿ ಬಿ.ಡಿ.ಡಿ. (ಬಾಂಬೆ ಅಭಿವೃದ್ಧಿ ಇಲಾಖೆಯ) ಚಾಳುಗಳನ್ನು ಕಟ್ಟಿಸಿತು, ಆದರೆ ಕಾರ್ಮಿಕನನ್ನು ನಿಜವಾಗಿ ಗಿರಣಗಾಂವಿನಲ್ಲಿ ನೆಲೆನಿಲ್ಲಿಸಿದುದು 1947ರ ಬಾಡಿಗೆ ನಿಯಂತ್ರಣದ ಕಾಯಿದೆ. ಖಾಸಗಿ ಚಾಳುಗಳ ಬಾಡಿಗೆಯನ್ನು ಬಹುತೇಕ 1940ರ ಮಟ್ಟದಲ್ಲಿಯೇ ಕಟ್ಟಿಹಾಕಿದ ಈ ಶಾಸನವು ಬಾಡಿಗೆದಾರನಿಗೆ ಅಭಯವನ್ನಿತ್ತಿತು. ಜೊತೆಗೇ ಒಡೆಯನಿಗೆ ಸೋರುವ ಮಾಡನ್ನು ರಿಪೇರಿಮಾಡಿಸುವ ಉತ್ಸಾಹವನ್ನು ತೆಗೆದುಹಾಕಿತು. ಹೀಗೆ ಕೆಳಗಿನ ನೆಲದ ಬೆಲೆಯು ಏರುತ್ತ, ಮೇಲಿನ ಕಟ್ಟಡವು ಜೀರ್ಣವಾಗುತ್ತ, ಇವೆರಡರ ನಡುವಣ ಅಂತರವು ವರ್ಷೇ ವರ್ಷೇ ಹಿಗ್ಗಿತು; ಆ ಅಂತರದಲ್ಲಿಯೇ ಮುಂದಿನ ಲಾಭವು ಹೊಂಚುಹಾಕಿ ಕುಳಿತಿದ್ದಿತು.

1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ, ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರವೇ ಗಿರಣಿಗಳನ್ನು ಕೊಂದಿತೆಂಬ ಮಾತು ಲೋಕದಲ್ಲಿ ಪ್ರಚುರವಾಗಿದೆ. ಇದು ಅರ್ಧಸತ್ಯವೆಂದೇ ನನ್ನ ಅಭಿಪ್ರಾಯ. ಹಳೆಯ ಯಂತ್ರಗಳನ್ನು ಹೊಸದುಮಾಡದೆ ಬಿಟ್ಟ ಒಡೆಯರು ಹಲವರು. ಭಿವಂಡಿಯ ವಿದ್ಯುತ್ ಮಗ್ಗಗಳಿಗೆ ನೇಯ್ಗೆಯು ಆಗಲೇ ಜಾರತೊಡಗಿತ್ತು. ಮುಷ್ಕರವು ದೊರೆತುದು ಎಷ್ಟೋ ಮಂದಿಗೆ ನೆಪವಾಗಿ. ನೇಯ್ದ ಬಟ್ಟೆಗಿಂತ ಮಗ್ಗವು ನಿಂತ ನೆಲವೇ ಹೆಚ್ಚು ಬೆಲೆಬಾಳುವ ದಿನ ಬಂದಮೇಲೆ, ಬಟ್ಟೆಯನ್ನು ನೇಯುವ ಮಾಲೀಕನು ಸಂತನಾಗಿರಬೇಕಾಗುತ್ತದೆ!

ಶಾಸನವೂ ಈ ಪ್ರವಾಹಕ್ಕೆ ಕಾಲುವೆಯನ್ನು ತೋಡಿತು. 1991ರ ನಿಯಮದಂತೆ ಗಿರಣಿಯ ಜಮೀನನ್ನು ಮಾರಬಯಸುವ ಒಡೆಯನು ಸ್ಥೂಲವಾಗಿ ಒಂದು ಪಾಲನ್ನು ನಗರದ ಬಯಲಿಗೂ ಇನ್ನೊಂದನ್ನು ಸಾರ್ವಜನಿಕ ವಸತಿಗೂ ಬಿಟ್ಟು, ಮೂರನೆಯದನ್ನು ತಾನಿಟ್ಟುಕೊಳ್ಳಬೇಕಾಗಿತ್ತು. 2001ರ ತಿದ್ದುಪಡಿಯು ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಈ ವಿಭಾಗವು ಅನ್ವಯಿಸತಕ್ಕದ್ದೆಂದು ವಿಧಿಸಲು, ಬಯಲಿನ ಪಾಲೂ ವಸತಿಯ ಪಾಲೂ ಕ್ಷೀಣಿಸಿದುವು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಫೀನಿಕ್ಸ್ ಗಿರಣಿಯ ಆವರಣವು ಅಷ್ಟರಲ್ಲಾಗಲೇ ಸಿರಿವಂತರ ಅಂಗಡಿಸಾಲಾಗಿದ್ದಿತು.

ಚಾಳಿನ ಜನರನ್ನು ಬಹುಪಾಲು ಯಾರೂ ಲಾಠಿಯಿಂದ ಓಡಿಸಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಕೂಲಿಯು ನಿಂತು, ಸಾಲವು ಬೆಳೆದು, ಮಗಳ ಮದುವೆಯು ಎದುರಾದಾಗ, ಕೈಯಲ್ಲಿ ಉಳಿದ ಒಂದೇ ಸ್ವತ್ತೆನಿಸಿದ ಕೋಣೆಯ ಹಕ್ಕನ್ನು ಪಗಡಿಯೆಂಬ ಇಡಿಗಂಟು ಹಣಕ್ಕೆ ಬಿಟ್ಟುಕೊಟ್ಟು ವಿರಾರ, ಡೊಂಬಿವಲಿ, ಬದಲಾಪುರಗಳ ಕಡೆಗೆ ಹೊರಟವರು ಹಲವರು. ಹಳೆಯ ಚಾಳನ್ನು ಕೆಡವಿ ಎತ್ತಿದ ಗೋಪುರದಲ್ಲಿ ಉಚಿತವಾಗಿ ಮನೆಯನ್ನು ಪಡೆದವರಿಗೂ ಲಿಫ್ಟು, ನೀರು, ಕಾವಲುಗಳ ಮಾಸಿಕ ವೆಚ್ಚವು ಹಿಂದಿನ ಬಾಡಿಗೆಯ ಎಷ್ಟೋ ಪಟ್ಟಾಗಲು, ಅವರಲ್ಲಿಯೂ ಕೆಲವರು ಮಾರಿ ಹೋದರು. ಇದನ್ನು ಸ್ವಇಚ್ಛೆಯ ಮಾರಾಟವೆಂದು ದಾಖಲೆಗಳು ಬರೆದುಕೊಳ್ಳುತ್ತವೆ.

ವಸತಿಗೆಂದು ದೊರೆತ ಅಲ್ಪನೆಲದಲ್ಲಿ ಗೃಹಮಂಡಲಿಯು ಮನೆಗಳನ್ನು ಕಟ್ಟಿ 2012ರಲ್ಲಿ ಚೀಟಿಯೆತ್ತಿ ಹಂಚಿದಾಗ, ಅರ್ಜಿಹಾಕಿದ ಗಿರಣಿ ಕಾರ್ಮಿಕರೂ ಅವರ ವಾರಸುದಾರರೂ ಒಂದು ಲಕ್ಷವನ್ನು ಮೀರಿದ್ದರು; ಮನೆಗಳು ಏಳು ಸಾವಿರವನ್ನೂ ಮುಟ್ಟಲಿಲ್ಲ. ಆಮೇಲೆ ಹಂಚಿದವುಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಷ್ಟು ಮನೆಗಳು ಪರೇಲಿನಲ್ಲಿಲ್ಲ, ಖಾರಿಯಾಚೆಯ ಪನವೇಲಿನ ಬಳಿ ಇವೆ.