ಜಾವಾ–ಯೆಜ್ಡಿ ಎಂಜಿನ್ ಪುನರ್ನಿರ್ಮಾಣ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಟು-ಸ್ಟ್ರೋಕ್ ಮೋಟರ್‌ಸೈಕಲ್ಲುಗಳ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಉಳಿದವನ್ನು ಅಳತೆಗೆ ತಂದು ಮರಳಿ ಜೋಡಿಸುವ ಕೆಲಸ. ಗ್ಯಾರೇಜಿನವರು ಇದನ್ನು ‘ಎಂಜಿನ್ ಇಳಿಸೋದು’ ಎನ್ನುತ್ತಾರೆ. ಸಿಲಿಂಡರ್ ಮತ್ತು ಪಿಸ್ಟನ್ನಿಗೆ ಸೀಮಿತವಾದ ಕೆಲಸಕ್ಕೆ ‘ಬೋರ್ ಮಾಡಿಸೋದು’ ಎಂಬ ಮಾತಿದೆ. ಈ ಎರಡನ್ನು ಒಂದೇ ಎಂದು ತಿಳಿದು ಕೆಟ್ಟ ಎಂಜಿನ್ನುಗಳು ಬಹಳ. ಈ ವಿದ್ಯೆ ಬೆಳೆದದ್ದು ಕಾರ್ಖಾನೆಯೊಳಗೆ ಅಲ್ಲ. ಲೇತ್ ಯಂತ್ರ, ಪ್ರೆಸ್ಸು ಮತ್ತು ಅಳತೆಯ ಶಿಸ್ತು ಇದ್ದ ಊರುಗಳಲ್ಲಿ ಅದು ಬೆಳೆಯಿತು. ಭದ್ರಾವತಿ ಅಂಥ ಊರುಗಳಲ್ಲಿ ಒಂದು.

ಹಿನ್ನೆಲೆ

ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್‌ಕೇಸನ್ನೇ ಪಂಪಿನಂತೆ ಬಳಸಿ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಮೇಲಕ್ಕೆ ತಳ್ಳುವ ಟು-ಸ್ಟ್ರೋಕ್ ಎಂಜಿನ್ನನ್ನು ಇಂಗ್ಲೆಂಡಿನ ಜೋಸೆಫ್ ಡೇ 1891ರಲ್ಲಿ ರೂಪಿಸಿದ. ಜರ್ಮನಿಯ ಅಡಾಲ್ಫ್ ಶ್ನುರ್ಲೆ 1920ರ ದಶಕದಲ್ಲಿ, ಒಳಬರುವ ಮಿಶ್ರಣ ಸಿಲಿಂಡರಿನ ಗೋಡೆಯನ್ನು ಬಳಸಿ ಸುತ್ತಿ ಬಂದು ಸುಟ್ಟ ಹೊಗೆಯನ್ನು ಹೊರದೂಡುವಂತೆ ರಂಧ್ರಗಳನ್ನು ಓರೆಯಾಗಿ ಕೊರೆಯುವ ಕ್ರಮ ಕಂಡುಹಿಡಿದ. ಪಿಸ್ಟನ್ ತಲೆಯ ಮೇಲಿನ ದಿಬ್ಬ ಬೇಕಿಲ್ಲವಾಯಿತು, ಎಂಜಿನ್ ಹಗುರವಾಯಿತು. ಫ್ರಾಂಟಿಷೆಕ್ ಯಾನೆಚೆಕ್ 1929ರಲ್ಲಿ ಪ್ರಾಗ್‌ನಲ್ಲಿ ಆರಂಭಿಸಿದ ಜಾವಾ ಕಂಪನಿ, ಎರಡನೆಯ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ‘ಪೆರಾಕ್’ ಎಂಬ 250 ಸಿಸಿ ಮಾದರಿಯನ್ನು ಹೊರತಂದಿತು. 1954ರಲ್ಲಿ ಅದರ ಜಾಗಕ್ಕೆ 353 ಮಾದರಿ ಬಂತು. ಮೈಸೂರಿಗೆ ಬಂದದ್ದು ಇದೇ.

ಮೈಸೂರಿನ ಯಾದವಗಿರಿಯಲ್ಲಿ ಇರಾನಿ ಕುಟುಂಬ 1960ರಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು ಸ್ಥಾಪಿಸಿತು. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರಿಂದ ಬೈಕುಗಳ ಮೇಲೆ ಜಾವಾ ಬದಲು ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ಬಂದ ರೋಡ್‌ಕಿಂಗ್ ಮಾದರಿಯು ಕಾರ್ಖಾನೆ ಮುಚ್ಚುವವರೆಗೂ ತಯಾರಾಯಿತು. ಹೆಸರು, ಟ್ಯಾಂಕು, ಸೈಲೆನ್ಸರು ಬದಲಾದರೂ ಮೂಲ ಅಳತೆ ಉಳಿಯಿತು: ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ., ಒಟ್ಟು ಸುಮಾರು 249 ಸಿಸಿ. ಮೂರೂವರೆ ದಶಕ ಬಹುಪಾಲು ಒಂದೇ ಅಳತೆ ಉಳಿದದ್ದರಿಂದಲೇ ಮೆಕ್ಯಾನಿಕ್ಕುಗಳು ಈ ಎಂಜಿನ್ನನ್ನು ಕರಗತ ಮಾಡಿಕೊಳ್ಳಲು ಸಾಧ್ಯವಾಯಿತು.

ಎಂಜಿನ್ನಿನ ಸ್ವಭಾವ

ಒಂದೇ ಸಿಲಿಂಡರಾದರೂ ಹೊಗೆ ಹೊರಹೋಗಲು ಎರಡು ಬಾಯಿ, ಎರಡು ಸೈಲೆನ್ಸರು. ಸಿಲಿಂಡರು ಬೀಡುಕಬ್ಬಿಣದ್ದು, ಹೆಡ್ ಮತ್ತು ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಮ್ಮಿನವು. ಕ್ರ್ಯಾಂಕ್‌ಕೇಸ್ ನಡುವೆ ಉದ್ದಕ್ಕೆ ಸೀಳಿಕೊಂಡು ಎಡ-ಬಲ ಎರಡು ಹೋಳಾಗುತ್ತದೆ. ನಾಲ್ಕು ಗೇರುಗಳ ಪೆಟ್ಟಿಗೆಯೂ ಅದರಲ್ಲೇ. ಗೇರ್ ಲಿವರನ್ನು ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಕಾಲಿನಿಂದ ಗೇರ್ ಹಾಕುವಾಗ ಲಿವರೇ ಕ್ಲಚ್ಚನ್ನು ಬಿಡಿಸುವ ಏರ್ಪಾಡೂ ಜಾವಾದಲ್ಲಿತ್ತು.

ಎಣ್ಣೆಗೆ ಬೇರೆ ದಾರಿಯಿಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಕ್ರ್ಯಾಂಕಿನ ಬೇರಿಂಗುಗಳಿಗೂ ಪಿಸ್ಟನ್ನಿಗೂ ಜೀವ. ಲೀಟರಿಗೆ ಸಾಮಾನ್ಯವಾಗಿ 40 ಮಿ.ಲೀ., ಅಂದರೆ ಇಪ್ಪತ್ತೈದಕ್ಕೆ ಒಂದು ಪಾಲು. ಮೈಲೇಜ್ ಹೆಚ್ಚಲೆಂದು ಎಣ್ಣೆ ಕಡಿಮೆ ಹಾಕಿದರೆ, ಅಥವಾ ಬಂಕಿನಲ್ಲಿ ಎಣ್ಣೆ ಸುರಿದು ಕಲಕದೆ ಹೊರಟರೆ, ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇದಕ್ಕೆ ‘ಸೀಜ್ ಆಗೋದು’ ಎನ್ನುತ್ತಾರೆ. ಎಣ್ಣೆಯನ್ನು ಪಂಪಿನಿಂದ ಒದಗಿಸುವ ‘ಆಯಿಲ್‌ಕಿಂಗ್’ ಮಾದರಿಯೂ ಬಂದಿತ್ತು. ಅದನ್ನು ಕೊಂಡವರಲ್ಲಿ ಕೆಲವರು ಪಂಪನ್ನು ನಂಬದೆ ಮತ್ತೆ ಕೈಯಿಂದ ಬೆರೆಸುವುದಕ್ಕೇ ಮರಳಿದರು.

ಈ ಎಂಜಿನ್ನಿನಲ್ಲಿ ಕವಾಟಗಳಿಲ್ಲ, ಟೈಮಿಂಗ್ ಚೈನಿಲ್ಲ, ಚಲಿಸುವ ಭಾಗಗಳೇ ಕಡಿಮೆ. ಆದರೆ ಕ್ರ್ಯಾಂಕ್‌ಕೇಸ್ ಪಂಪೂ ಆಗಿರುವುದರಿಂದ ಅದು ಗಾಳಿಯಾಡದಂತೆ ಬಿಗಿಯಾಗಿರಲೇಬೇಕು. ಹೊಸ ಪಿಸ್ಟನ್, ಹೊಸ ಕಾರ್ಬುರೇಟರ್ ಹಾಕಿಯೂ ಸ್ಟಾರ್ಟ್ ಆಗದ ಎಂಜಿನ್ನಿನ ರೋಗ ಬಹುತೇಕ ಈ ಬಿಗಿತದಲ್ಲೇ ಇರುತ್ತದೆ.

ಭದ್ರಾವತಿ ಮತ್ತು ನ್ಯೂ ಟೌನ್

ಭದ್ರಾ ನದಿಯ ದಂಡೆಯ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ 1918ರಲ್ಲಿ ಆರಂಭವಾಗಿ, 1923ರಲ್ಲಿ ಬೀಡುಕಬ್ಬಿಣದ ಉತ್ಪಾದನೆ ಶುರುವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಮುಂದೆ ಅವರ ಹೆಸರನ್ನೇ ಹೊತ್ತು ವಿಐಎಸ್‌ಎಲ್ ಆದ ಈ ಕಾರ್ಖಾನೆ ಯಂತ್ರಭಾಗಗಳಿಗೆ ಬೇಕಾದ ಮಿಶ್ರಲೋಹದ ಉಕ್ಕನ್ನೂ ತಯಾರಿಸಿತು. ಕಾರ್ಖಾನೆಯ ನೌಕರರಿಗಾಗಿ ಬೆಳೆದ ಬಡಾವಣೆ ನ್ಯೂ ಟೌನ್. ಜನರ ಬಾಯಲ್ಲಿ ಹಳೇನಗರ ಒಂದು ಕಡೆ, ನ್ಯೂ ಟೌನ್ ಇನ್ನೊಂದು ಕಡೆ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಕಾಗದನಗರವೂ ಸೇರಿ, ಮಲೆನಾಡಿನ ಅಂಚಿನ ಈ ಊರಿನಲ್ಲಿ ಫಿಟ್ಟರು, ಟರ್ನರು, ಮೋಲ್ಡರು ಎಂಬ ಪದಗಳು ಮನೆಮಾತಾದವು. ವಿಐಎಸ್‌ಎಸ್‌ಜೆ ಪಾಲಿಟೆಕ್ನಿಕ್ಕಿನಂಥ ಸಂಸ್ಥೆ ಇಲ್ಲಿದೆ. ಶಿವಮೊಗ್ಗದ ದಾರಿಯ ಮಾಚೇನಹಳ್ಳಿಯಲ್ಲಿ ಎರಕದ ಘಟಕಗಳಿವೆ, ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ವಾಹನ ರಿಪೇರಿಯ ಅಂಗಡಿಗಳಿವೆ.

ಹಳೆಯ ಎಂಜಿನ್ ಉಳಿಯಲು ಬೇಕಾದದ್ದು ಇಂಥ ನೆಲ. ಬಿಡಿಭಾಗ ಮಾರುವ ಅಂಗಡಿ ಎಲ್ಲಿಯೂ ಇರಬಹುದು. ಮೈಕ್ರೋಮೀಟರನ್ನು ಓದಿ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿಗೆ ಬೆಲೆ ಕೊಡುವ ಕೈ ಎಲ್ಲಿಯೂ ಸಿಗುವುದಿಲ್ಲ. ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಆ ಕೈಗಳಿದ್ದವು.

ಕೆಲಸದ ಕ್ರಮ

ಎಂಜಿನ್ನನ್ನು ಚಾಸಿಯಿಂದ ಇಳಿಸಿದ ಮೇಲೆ ಮೊದಲು ಹೆಡ್, ಸಿಲಿಂಡರ್, ಪಿಸ್ಟನ್. ಆಮೇಲೆ ಒಂದು ಬದಿಯಲ್ಲಿ ಡೈನಮೋ, ಇನ್ನೊಂದು ಬದಿಯಲ್ಲಿ ಕಾರ್ಕ್ ಪ್ಲೇಟುಗಳ ಕ್ಲಚ್ಚು ಮತ್ತು ಪ್ರೈಮರಿ ಚೈನು. ಕೊನೆಗೆ ಕ್ರ್ಯಾಂಕ್‌ಕೇಸನ್ನು ಬಿಡಿಸಬೇಕು. ಎರಡು ಹೋಳುಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬುವ ದುರಭ್ಯಾಸದಿಂದ ಸಾವಿರಾರು ಕೇಸುಗಳ ಅಂಚು ಗಾಯಗೊಂಡಿದೆ. ಆ ಗಾಯದ ಮೂಲಕವೇ ಮುಂದೆ ಗಾಳಿ ನುಗ್ಗುತ್ತದೆ. ಅಲ್ಯೂಮಿನಿಯಮ್ಮನ್ನು ಸುಮಾರು 100 ಡಿಗ್ರಿಗೆ ಬಿಸಿಮಾಡಿದರೆ ಬೇರಿಂಗುಗಳು ಹೆಚ್ಚು ಬಡಿತವಿಲ್ಲದೆ ಬಿಟ್ಟುಕೊಳ್ಳುತ್ತವೆ. ಹೊಸದನ್ನು ಕೂರಿಸುವಾಗಲೂ ಇದೇ ಕ್ರಮ. ಬೇರಿಂಗ್ ಕೂರುವ ಮನೆ ಸಡಿಲವಾಗಿದ್ದರೆ ಒಳಗೋಡೆಗೆ ಪಂಚಿನಿಂದ ಚುಕ್ಕೆ ಹೊಡೆದು ಬಿಗಿ ಮಾಡುವುದುಂಟು. ಅದು ಕೆಲವು ತಿಂಗಳ ಮದ್ದು. ಮನೆಯನ್ನು ಕೊರೆದು ಸ್ಲೀವ್ ಹಾಕಿಸುವುದೇ ಸರಿಯಾದ ಕೆಲಸ.

ಇಡೀ ಪುನರ್ನಿರ್ಮಾಣದ ತಿರುಳು ಕ್ರ್ಯಾಂಕಿನಲ್ಲಿದೆ. ಎರಡು ದಪ್ಪ ಉಕ್ಕಿನ ಚಕ್ರಗಳನ್ನು ಒಂದು ಕ್ರ್ಯಾಂಕ್‌ಪಿನ್ ಬಿಗಿಯಾಗಿ ಹಿಡಿದಿರುತ್ತದೆ. ಕನೆಕ್ಟಿಂಗ್ ರಾಡಿನ ಕೆಳತುದಿ ಆ ಪಿನ್ನಿನ ಮೇಲೆ ರೋಲರ್ ಬೇರಿಂಗಿನಲ್ಲಿ ತಿರುಗುತ್ತದೆ. ಇಲ್ಲಿ ಬೋಲ್ಟು-ನಟ್ಟುಗಳಿಲ್ಲ. ಸವೆದಾಗ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಟನ್ನುಗಟ್ಟಲೆ ಒತ್ತಡ ಹಾಕಿ ಪಿನ್ನನ್ನು ಹೊರತಳ್ಳಿ, ಹೊಸ ರಾಡ್ ಕಿಟ್ ಕೂರಿಸಿ ಮತ್ತೆ ಒತ್ತಬೇಕು. ಒತ್ತಿದ ಕೂಡಲೇ ಕ್ರ್ಯಾಂಕ್ ನೇರವಾಗಿರುವುದಿಲ್ಲ. ಅದನ್ನು ಲೇತಿನ ಎರಡು ಸೆಂಟರುಗಳ ನಡುವೆ ಇಟ್ಟು, ಡಯಲ್ ಗೇಜಿನ ಮುಳ್ಳು ನೋಡುತ್ತ ನಿಧಾನವಾಗಿ ತಿರುಗಿಸುತ್ತಾರೆ. ಮುಳ್ಳು ಏರಿದ ಕಡೆ ಗುರುತು ಹಾಕಿ, ತಾಮ್ರದ ಅಥವಾ ಹಿತ್ತಾಳೆಯ ಸುತ್ತಿಗೆಯಿಂದ ಚಕ್ರದ ಅಂಚಿಗೆ ಒಂದು ಪೆಟ್ಟು. ಮತ್ತೆ ತಿರುಗಿಸಿ ನೋಡಬೇಕು, ಮತ್ತೆ ಪೆಟ್ಟು. ಓಲಾಟ 0.05 ಮಿ.ಮೀ.ಗಿಂತ ಕೆಳಗೆ ಇಳಿಯುವವರೆಗೆ ಇದು ನಡೆಯುತ್ತದೆ. ಎಷ್ಟು ಜೋರಾಗಿ, ಯಾವ ಕೋನದಲ್ಲಿ ಹೊಡೆಯಬೇಕು ಎಂಬುದನ್ನು ಯಾವ ಕೈಪಿಡಿಯೂ ಹೇಳಿಕೊಡಲಾರದು. ಗುರುವಿನ ಪಕ್ಕ ನಿಂತು ಕಲಿಯಬೇಕಾದ ಪಾಠವಿದು. ಓಲಾಡುವ ಕ್ರ್ಯಾಂಕು ಬೇರಿಂಗನ್ನೂ ಆಯಿಲ್ ಸೀಲನ್ನೂ ತಿಂದುಹಾಕುತ್ತದೆ, ಹ್ಯಾಂಡಲ್ಲಿನಲ್ಲಿ ಕೈ ಮರಗಟ್ಟುವಷ್ಟು ನಡುಗುತ್ತದೆ.

ಆಯಿಲ್ ಸೀಲುಗಳು ಬೆಲೆಯಲ್ಲಿ ಅಗ್ಗ, ಪರಿಣಾಮದಲ್ಲಿ ಭಾರಿ. ಕ್ಲಚ್ ಬದಿಯ ಸೀಲು ಹೋದರೆ ಗೇರ್‌ಪೆಟ್ಟಿಗೆಯ ಎಣ್ಣೆ ಎಂಜಿನ್ನಿನೊಳಗೆ ಸೇರಿ ಸುಡುತ್ತದೆ: ಬೈಕಿನ ಹಿಂದೆ ದಟ್ಟ ಬಿಳಿಹೊಗೆ, ಪೆಟ್ಟಿಗೆಯಲ್ಲಿ ಎಣ್ಣೆ ಮಾಯ. ಡೈನಮೋ ಬದಿಯ ಸೀಲು ಹೋದರೆ ಹೊರಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಇದ್ದಕ್ಕಿದ್ದಂತೆ ಜೋರಾಗಿ ಓಡುತ್ತದೆ, ಕಾದು ಸೀಜ್ ಆಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಬೈಕುಗಳ ಕ್ರ್ಯಾಂಕ್‌ಕೇಸಿನ ತಳದಲ್ಲಿ ತೇವ ಕೂತು ರೋಲರುಗಳು ತುಕ್ಕು ಹಿಡಿಯುವುದು ಇನ್ನೊಂದು ತೊಂದರೆ. ಅಂಥ ಎಂಜಿನ್ನನ್ನು ಬಿಚ್ಚದೆ ಕಿಕ್ ಹೊಡೆದು ಎಬ್ಬಿಸಲು ಹೋಗುವುದು ಅದಕ್ಕೆ ಮಾಡುವ ಅನ್ಯಾಯ.

ಸಿಲಿಂಡರಿನ ಕೆಲಸ ಜನರಿಗೆ ಹೆಚ್ಚು ಪರಿಚಿತ. ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ ಬೋರನ್ನು ಮುಂದಿನ ಅಳತೆಗೆ ಕೊರೆದು, ಹೋನಿಂಗ್ ಮಾಡಿ, 0.25 ಮಿ.ಮೀ.ನ ಹಂತಗಳಲ್ಲಿ ದೊರೆಯುವ ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. ಪಿಸ್ಟನ್ನನ್ನು ಮುಂಚೆ ತಂದು ಅಳೆದು, ಅದಕ್ಕೆ ತಕ್ಕಂತೆ ಬೋರ್ ಕೊರೆಯುವುದು ಒಳ್ಳೆಯ ಲೇತಿನವರ ಪದ್ಧತಿ. ಗೋಡೆಗೂ ಪಿಸ್ಟನ್ನಿಗೂ ನಡುವೆ 0.1 ಮಿ.ಮೀ.ಗೂ ಕಡಿಮೆ ಅಂತರ ಸಾಕು. ಕೊರೆದ ನಂತರ ರಂಧ್ರಗಳ ಹರಿತ ಅಂಚನ್ನು ಉಜ್ಜಿ ನಯ ಮಾಡದಿದ್ದರೆ ರಿಂಗ್ ಸಿಕ್ಕಿ ತುಂಡಾಗುತ್ತದೆ. ರಿಂಗಿನ ಬಾಯಿ ರಂಧ್ರದ ಎದುರು ಬರದಿರಲೆಂದೇ ಪಿಸ್ಟನ್ನಿನ ಕಾಲುವೆಯಲ್ಲಿ ಸಣ್ಣ ಪಿನ್ನುಗಳಿರುತ್ತವೆ.

ಕೊನೆಯ ಹಂತ ಇಗ್ನಿಷನ್. ಪಾಯಿಂಟುಗಳ ನಡುವೆ ಸುಮಾರು 0.4 ಮಿ.ಮೀ. ಅಂತರ ಬಿಟ್ಟು, ಪಿಸ್ಟನ್ ತುದಿ ಮುಟ್ಟುವುದಕ್ಕೆ ಕೆಲವು ಮಿಲಿಮೀಟರ್ ಮೊದಲೇ ಕಿಡಿ ಹಾರುವಂತೆ ಹೊಂದಿಸುತ್ತಾರೆ. ಸೈಲೆನ್ಸರುಗಳ ಒಳಕೊಳವೆಯಲ್ಲಿ ಕಟ್ಟಿದ ಕಾರ್ಬನ್ನನ್ನು ಸುಟ್ಟು ತೆಗೆಯುವುದೂ ಇದರ ಜೊತೆಗೇ ಆಗಬೇಕು. ಹೊಗೆಗೆ ದಾರಿ ಕಟ್ಟಿದ್ದರೆ ಹೊಸ ಎಂಜಿನ್ನೂ ಉಸಿರಾಡದು.

1996ರ ನಂತರ

1980ರ ದಶಕದ ನಡುವೆ ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್ 100ನಂಥ ನೂರು ಸಿಸಿಯ ಬೈಕುಗಳು ಬಂದವು. 1991ರಲ್ಲಿ ಮೊದಲ ಹೊಗೆ ನಿಯಮಗಳು, 1996ರಲ್ಲಿ ಇನ್ನಷ್ಟು ಬಿಗಿಯಾದ ನಿಯಮಗಳು ಜಾರಿಯಾದವು. ಯಾದವಗಿರಿಯ ಕಾರ್ಖಾನೆ ಅದೇ ವರ್ಷ ನಿಂತಿತು. ಅದುವರೆಗೆ ಪುನರ್ನಿರ್ಮಾಣ ಎಂದರೆ ದಿನಬಳಕೆಯ ಗಾಡಿಯ ಸಾಮಾನ್ಯ ರಿಪೇರಿ. ಆಮೇಲೆ ಕಾರ್ಖಾನೆಯ ಬಿಡಿಭಾಗ ಅಪರೂಪವಾಗಿ, ಗುಜರಿಗೆ ಹೋದ ಬೈಕುಗಳ ಹೊಟ್ಟೆಯಿಂದ ಗೇರು, ಚಕ್ರ, ಕೇಸು ಹೆಕ್ಕುವ ಕಾಲ ಬಂತು. ಮಾರುಕಟ್ಟೆಗೆ ಬಂದ ಡೂಪ್ಲಿಕೇಟ್ ರಾಡ್ ಕಿಟ್ಟುಗಳಲ್ಲಿ ಉಕ್ಕಿನ ಹದ ಸರಿಯಿಲ್ಲದವು ಬೇಗ ಸದ್ದು ಮಾಡತೊಡಗಿದವು. ಕಾರ್ಖಾನೆಯ ಹಳೆಯ ಕೆಲಸಗಾರರಲ್ಲಿ ಕೆಲವರು ಮೈಸೂರಿನಲ್ಲಿ ಗ್ಯಾರೇಜು ನಡೆಸಿ ವಿದ್ಯೆಯನ್ನು ಉಳಿಸಿದರು.

ಈ ಶತಮಾನದಲ್ಲಿ ಸವಾರರ ಸಂಘಗಳು ಹುಟ್ಟಿ, ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನ ಆಚರಿಸುವ ರೂಢಿ ಬಂದ ಮೇಲೆ ಹಳೆಯ ಬೈಕುಗಳಿಗೆ ಬೆಲೆ ಬಂದಿದೆ. ಬೆಲೆಯ ಜೊತೆ ಒಂದು ಓರೆಯೂ ಬಂದಿದೆ: ಟ್ಯಾಂಕಿನ ಕ್ರೋಮಿಗೆ, ಬಣ್ಣಕ್ಕೆ ಸುರಿಯುವ ಹಣ ಕ್ರ್ಯಾಂಕಿಗೆ ಹೋಗುತ್ತಿಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ರಸ್ತೆಗೆ ಮರಳಿದರೂ ಅವು ಫೋರ್-ಸ್ಟ್ರೋಕ್ ಎಂಜಿನ್ನುಗಳು. ಅವುಗಳ ಬಿಡಿಭಾಗ ಹಳೆಯದಕ್ಕೆ ಹೊಂದುವುದಿಲ್ಲ.

ಇದೇ ವಿದ್ಯೆ ಹಿಮದ ನಾಡುಗಳಲ್ಲೂ ಇದೆ. ಕೆನಡಾದ ಕ್ವೆಬೆಕ್ ಪ್ರಾಂತ್ಯದ ವಾಲ್ಕೂರಿನಲ್ಲಿ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೇ 1959ರಲ್ಲಿ ‘ಸ್ಕೀ-ಡೂ’ ಹಿಮವಾಹನವನ್ನು ಮಾರುಕಟ್ಟೆಗೆ ತಂದರು. ಮುಂದೆ ಅದಕ್ಕೆ ಆಸ್ಟ್ರಿಯಾದ ರೋಟಾಕ್ಸ್ ಟು-ಸ್ಟ್ರೋಕ್ ಎಂಜಿನ್ನುಗಳು ಬಂದವು. ಹಳೆಯ ಹಿಮವಾಹನದ ಎಂಜಿನ್ ಕಟ್ಟುವವರೂ ಒತ್ತಿ ಕೂರಿಸಿದ ಕ್ರ್ಯಾಂಕನ್ನೇ ನೇರ ಮಾಡುತ್ತಾರೆ, ಸೀಲನ್ನೇ ಮೊದಲು ಶಂಕಿಸುತ್ತಾರೆ. ಅವುಗಳಲ್ಲಿ ಎರಡು ಸಿಲಿಂಡರಿನವೇ ಹೆಚ್ಚು. ನಮ್ಮಲ್ಲಿ ಅದಕ್ಕೆ ಸಮನಾದದ್ದು 1980ರ ದಶಕದ ಯೆಜ್ಡಿ 350 ಟ್ವಿನ್. ಎರಡು ಪಿನ್ನು ಮತ್ತು ನಡುವಿನ ಬೇರಿಂಗನ್ನು ಒಂದೇ ರೇಖೆಗೆ ತರಬೇಕಾದ ಆ ಕ್ರ್ಯಾಂಕನ್ನು ಕೈಗೆತ್ತಿಕೊಳ್ಳುವ ಲೇತಿನವರು ಕಡಿಮೆ.

ಕಾನೂನು ಮತ್ತು ಇಂಧನ

ಎಂಜಿನ್ ಸಂಖ್ಯೆ ಕ್ರ್ಯಾಂಕ್‌ಕೇಸಿನ ಮೇಲೆ ಒತ್ತಿರುತ್ತದೆ, ಆರ್‌ಸಿ ಪುಸ್ತಕದಲ್ಲಿಯೂ ದಾಖಲಾಗಿರುತ್ತದೆ. ಆದ್ದರಿಂದ ಬಿರುಕುಬಿಟ್ಟ ಕೇಸನ್ನು ಬಿಸಾಡಿ ಬೇರೆಯದನ್ನು ಹಾಕುವುದಕ್ಕಿಂತ ಬೆಸುಗೆ ಹಾಕಿಸಿ ಉಳಿಸಿಕೊಳ್ಳುವುದೇ ಲೇಸು. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ವಿಂಟೇಜ್ ನೋಂದಣಿ ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮೈಸೂರಿನ ಆರಂಭದ ಜಾವಾಗಳು ಈಗ ಆ ವಯಸ್ಸು ದಾಟಿವೆ.

ಈಗ ಬಂಕುಗಳಲ್ಲಿ ದೊರೆಯುವ, ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಹೊಸ ಸವಾಲು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ, ಮಿಶ್ರಣವನ್ನು ತೆಳುವಾಗಿಸುತ್ತದೆ. ಇದಕ್ಕೆ ಕಾರ್ಬುರೇಟರಿನ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡುವುದು, ಎಥನಾಲ್ ತಡೆಯುವ ರಬ್ಬರಿನ ಸೀಲುಗಳನ್ನು ಬಳಸುವುದು, ಮಳೆಗಾಲದಲ್ಲಿ ಬೈಕನ್ನು ನಿಲ್ಲಿಸುವ ಮುನ್ನ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿ, ಪ್ಲಗ್ ತೂತಿನಿಂದ ಸ್ವಲ್ಪ ಎಣ್ಣೆ ಬಿಟ್ಟು ಕಿಕ್ಕರನ್ನು ನಿಧಾನವಾಗಿ ತಿರುಗಿಸಿಡುವುದು ಈಗ ಬಳಕೆಗೆ ಬರುತ್ತಿರುವ ಕ್ರಮ.