ಮುದ್ರೆ ಒಂದು, ಅಭಿರುಚಿ ಇನ್ನೊಂದು

ಪುಸ್ತಕದ ರಟ್ಟಿನೊಳಗೆ ಒಡೆಯನ ಕೆತ್ತನೆ ಚೀಟಿ ಅಂಟಿಸುವ ರೂಢಿ 15ನೇ ಶತಮಾನದ ಜರ್ಮನಿಯದು. ಅದನ್ನು ನೋಡಿ ಒಡೆಯನ ಅಭಿರುಚಿ ಹೇಳಿಬಿಡಬಹುದೆಂದು ನಂಬುವವರಿದ್ದಾರೆ. ನಮ್ಮ ಸೀಮೆಯ ನಿದರ್ಶನ ಅದನ್ನು ಒಪ್ಪುವುದಿಲ್ಲ. ಕೃಷ್ಣಗಿರಿ 1792ರವರೆಗೆ, ಹೊಸೂರು 1799ರವರೆಗೆ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿದ್ದವು. ಅವನು ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ರಟ್ಟು ಕಟ್ಟಿಸಿದ ಗ್ರಂಥಗಳ ಚರ್ಮದ ಹೊದಿಕೆಯ ಮೇಲ್ಭಾಗದಲ್ಲಿ ‘ಸರ್ಕಾರ್-ಎ-ಖುದಾದಾದ್’ ಎಂಬ ರಾಜ್ಯದ ಹೆಸರು, ನಾಲ್ಕು ಮೂಲೆಗಳಲ್ಲಿ ಮೊದಲ ನಾಲ್ವರು ಖಲೀಫರ ಹೆಸರುಗಳಿವೆ. ಸುಲ್ತಾನನ ಖಾಸಗಿ ಮೊಹರು ಬಿದ್ದದ್ದು ಕೆಲವಕ್ಕಷ್ಟೇ.

ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಪ್ರಕಟಿಸಿದ ಟಿಪ್ಪುವಿನ ಗ್ರಂಥಾಲಯದ ಪಟ್ಟಿಯ ಪ್ರಕಾರ, ಸುಮಾರು 2,000 ಸಂಪುಟಗಳಲ್ಲಿ ಕೊಂಡವು ತೀರ ಕಡಿಮೆ. ಬಹುಪಾಲು ಸವಣೂರು, ಕಡಪ, ಕರ್ನಾಟಿಕ್ ಪ್ರಾಂತ್ಯಗಳಿಂದ ಬಂದ ಲೂಟಿ. ಸ್ಟೂವರ್ಟ್ ಟಿಪ್ಪುವನ್ನು ಗೆದ್ದ ಬ್ರಿಟಿಷರ ಕಡೆಯವನಲ್ಲವೇ ಎನ್ನಬಹುದು. ಆ ಎಚ್ಚರ ಇರಬೇಕಾದದ್ದೇ. ಹಣ ಸುರಿದು ರಟ್ಟು ಕಟ್ಟಿಸಿದ್ದು ಪುಸ್ತಕಪ್ರೀತಿಯಲ್ಲವೇ ಎಂಬುದು ಇನ್ನೂ ಗಟ್ಟಿ ಆಕ್ಷೇಪ. ಪ್ರೀತಿ ಇದ್ದೀತು. ಆದರೆ ಸೂಫಿ ಗ್ರಂಥಕ್ಕೂ ಕಾವ್ಯಕ್ಕೂ ಒಂದೇ ಮುದ್ರೆ ಒತ್ತಿದಾಗ ಅದು ಸಾರುವುದು ರಾಜ್ಯದ ಹಕ್ಕನ್ನು, ಓದುಗನ ಒಲವನ್ನಲ್ಲ. ಒಲವು ಬೇಕಾದವರು ಅವನು ಬರೆಸಿದ ಸೇನಾಗ್ರಂಥ ‘ಫತಹ್-ಉಲ್-ಮುಜಾಹಿದೀನ್’ ನೋಡಬೇಕು. ಅವನೇ ಕೈಯಾರೆ ಬರೆದ ಕನಸುಗಳ ಪುಸ್ತಕವನ್ನೂ ನೋಡಬೇಕು. ಅದು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.