ಪ್ರಾಧ್ಯಾಪಕರ ಮನೆಯಿಂದ ಹೊರಟ ದನಿ



ಕಡೂರು, ತರೀಕೆರೆ, ಅಜ್ಜಂಪುರಗಳ ನಮ್ಮ ತಲೆಮಾರಿನವರಿಗೆ ರೇಡಿಯೋ ಎಂದರೆ ಭದ್ರಾವತಿ. 1965ರಲ್ಲಿ ಆರಂಭವಾದ ಆ ನಿಲಯದ ದನಿ ಅಡಿಕೆ ತೋಟಕ್ಕೂ ರಾಗಿ ಹೊಲಕ್ಕೂ ತಲುಪುತ್ತಿತ್ತು. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಿ ರೇಡಿಯೋ ಇಟ್ಟುಕೊಳ್ಳಬೇಕಾಗಿದ್ದ ಕಾಲವದು. ಆದರೆ ಕನ್ನಡ ನಾಡಿನ ಬಾನುಲಿಯ ಮೂಲವನ್ನು ಅರಸುತ್ತ ಹೋದರೆ ನಾವು ತಲುಪುವುದು ಸರ್ಕಾರಿ ಕಚೇರಿಯನ್ನಲ್ಲ, ಒಬ್ಬ ಮೇಷ್ಟರ ಮನೆಯನ್ನು.

ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಆ ಶಾಸ್ತ್ರವನ್ನು ಅಭ್ಯಾಸ ಮಾಡಿ ಬಂದವರು. 1935ರ ಸೆಪ್ಟೆಂಬರ್ 10ರಂದು ಅವರು ತಮ್ಮ ನಿವಾಸವಾದ 'ವಿಠ್ಠಲ ವಿಹಾರ'ದಿಂದ ಪ್ರಸಾರವನ್ನು ಆರಂಭಿಸಿದರು. ಪ್ರೇಷಕ ಯಂತ್ರದ ಶಕ್ತಿ ಕೇವಲ 30 ವ್ಯಾಟ್. ಹಿಂದೆ ಮನೆಯ ಒಂದು ಬಲ್ಬಿಗೂ ಅದಕ್ಕಿಂತ ಹೆಚ್ಚು ವಿದ್ಯುತ್ತು ಬೇಕಾಗುತ್ತಿದ್ದುದನ್ನು ನಾವು ಕಂಡಿದ್ದೇವೆ! ಅಷ್ಟು ಶಕ್ತಿಯ ದನಿ ನಮ್ಮ ಕಡೂರು ಸೀಮೆಯವರೆಗೆ ಬಂದಿರಲಾರದು. ನಿಲಯಕ್ಕೆ ಅವರು ಇಟ್ಟ ಹೆಸರು 'ಆಕಾಶವಾಣಿ'. ಆ ಹೆಸರನ್ನು ಸೂಚಿಸಿದವರು ಅಲ್ಲಿ ಅವರಿಗೆ ನೆರವಾಗಿದ್ದ ನಾ. ಕಸ್ತೂರಿಯವರು ಎನ್ನುವವರೂ ಉಂಟು. ಯಾರ ಬಾಯಿಂದ ಬಂದರೇನು, ಮುಂದೆ ಅದು ಇಡೀ ದೇಶದ ರೇಡಿಯೋದ ಹೆಸರಾಯಿತು.

ಈ ನಿಲಯ ವಿಶ್ವವಿದ್ಯಾನಿಲಯದ ಆಸ್ತಿಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರೇ ಅದರ ಜೀವಾಳವಾಗಿದ್ದರೂ ಅದು ನಡೆದದ್ದು ಒಬ್ಬ ವ್ಯಕ್ತಿಯ ಛಲದಿಂದ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹಾಗಾಗಲಿಲ್ಲ. ಅಲ್ಲಿಯೂ ಅರ್ಲ್ ಟೆರಿ ಎಂಬ ಭೌತಶಾಸ್ತ್ರದ ಮೇಷ್ಟರೇ ಪ್ರಯೋಗಕ್ಕೆ ತೊಡಗಿದರು. ಆದರೆ ನಿಲಯವನ್ನು ವಿಶ್ವವಿದ್ಯಾನಿಲಯವೇ ಸಾಕಿತು. ರೈತರಿಗೆ ಹವಾಮಾನವನ್ನೂ ಮಾರುಕಟ್ಟೆಯ ಧಾರಣೆಯನ್ನೂ ಹೇಳುತ್ತ ಬೆಳೆದ ಅದು ಇಂದು ರಾಜ್ಯವ್ಯಾಪಿ ಸಾರ್ವಜನಿಕ ಬಾನುಲಿ ಜಾಲವಾಗಿದೆ. ನಮ್ಮಲ್ಲಿ ವ್ಯಕ್ತಿಯ ಕೈ ಸೋತಾಗ ಹಿಡಿದುಕೊಳ್ಳಲು ವಿದ್ಯಾಸಂಸ್ಥೆ ಮುಂದೆ ಬರಲಿಲ್ಲವೆಂಬುದು ನನ್ನ ಕೊರಗು.

1940ರ ದಶಕದ ಆರಂಭದಲ್ಲಿ ನಿಲಯವು ಮೈಸೂರು ನಗರಸಭೆಗೂ ಅನಂತರ ಸಂಸ್ಥಾನದ ಸರ್ಕಾರಕ್ಕೂ ಸೇರಿತು. 1950ರಲ್ಲಿ ಕೇಂದ್ರ ಸರ್ಕಾರದ ವಶವಾಯಿತು. 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಆಕಾಶವಾಣಿಗೆ ಹೆಸರು ಕೊಟ್ಟ ಊರೇ ಎಪ್ಪತ್ತರ ದಶಕದವರೆಗೆ ಸ್ವಂತ ನಿಲಯವಿಲ್ಲದೆ ಉಳಿಯಬೇಕಾಯಿತು. ಸರ್ಕಾರದ ಕೈಗೆ ಹೋದದ್ದರಿಂದ ಕೆಡುಕೇ ಆಯಿತೆಂದು ನಾನು ಹೇಳಲಾರೆ. ಭದ್ರಾವತಿಯ ದನಿ ನಮಗೆ ದೊರೆತದ್ದು ಆ ವ್ಯವಸ್ಥೆಯಿಂದಲೇ ಅಲ್ಲವೇ?

ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿದ್ದು 1995ರಲ್ಲಿ. ವಿದ್ಯಾಸಂಸ್ಥೆಗಳಿಗೆ ಸಮುದಾಯ ಬಾನುಲಿ ನಡೆಸಲು ಕೇಂದ್ರವು 2002ರಲ್ಲಿ ಸಮ್ಮತಿಸಿತು. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾನಿಲಯವು ಪ್ರಸಾರಕ್ಕೆ ತೊಡಗಿತು; 2007ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ರೈತರಿಗಾಗಿ ಬಾನುಲಿಯನ್ನು ತೆರೆಯಿತು. ಗೋಪಾಲಸ್ವಾಮಿಯವರ ಪ್ರಯತ್ನವಾಗಿ ಏಳು ದಶಕಗಳೇ ಕಳೆದಿದ್ದವು. ಈ ಬಗೆಯ ಕೇಂದ್ರಗಳಿಗೆ ಸ್ವಂತ ಸುದ್ದಿಯನ್ನು ಬಿತ್ತರಿಸುವ ಸ್ವಾತಂತ್ರ್ಯವಿಲ್ಲ. ಸಾಮಾನ್ಯವಾಗಿ ಅವುಗಳ ಪ್ರೇಷಕ ಯಂತ್ರಕ್ಕೆ ನಿಗದಿಯಾದ ಮಿತಿ 50 ವ್ಯಾಟ್. ವಿಠ್ಠಲ ವಿಹಾರದ ಯಂತ್ರಕ್ಕಿಂತ ಇಪ್ಪತ್ತು ವ್ಯಾಟ್ ಮಾತ್ರ ಹೆಚ್ಚು.